ಮಳೆಗೆ ಮುನ್ನ ಕಟ್ಟುವ ಗೂಡು

ಮೊಟ್ಟೆಯಿಡುವ ಹಾವುಗಳಲ್ಲಿ ಹೆಚ್ಚಿನವು ಬಿಲದಲ್ಲೋ ಹುತ್ತದಲ್ಲೋ ಕಲ್ಲಿನ ಸಂದಿಯಲ್ಲೋ ಇಟ್ಟು ಹೊರಟುಹೋಗುತ್ತವೆ. ಎಲೆ ಒಟ್ಟಿ ಗೂಡು ಕಟ್ಟುವ ಹಾವು, ತಿಳಿದಿರುವ ಮಟ್ಟಿಗೆ, ಕಾಳಿಂಗ ಸರ್ಪವೊಂದೇ. ಅದನ್ನೂ ಪಶ್ಚಿಮ ಘಟ್ಟದ ಆಗುಂಬೆಯಂಥ ಮಳೆಕಾಡಿನಲ್ಲಿ, ನೆಲದ ಮೇಲೇ ಕಟ್ಟುತ್ತದೆ.

ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿದ ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸುಮಾರು 1,000 ಮಿ.ಮೀ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಘಟ್ಟದ ಬುಡದ ಸೋಮೇಶ್ವರ ದಾಟುತ್ತಲೇ ಏರು ಎದುರಾಗುತ್ತದೆ. ಕೆಲವೇ ಕಿಲೋಮೀಟರ್‌ಗಳಲ್ಲಿ 600 ಮೀಟರ್ ಮೇಲೇರಬೇಕು. ಏರಿದಂತೆ ಗಾಳಿ ತಣಿಯುತ್ತದೆ. ತಣಿದ ಗಾಳಿಯಲ್ಲಿ ಅಷ್ಟೂ ನೀರಾವಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಲ್ಲೇ ಮಳೆಯಾಗಿ ಸುರಿಯುತ್ತದೆ.

ಈ ಸುರಿಮಳೆಯಲ್ಲಿ ಮೊಟ್ಟೆಗಳು ಕೊಳೆಯದೆ, ತಣ್ಣಗಾಗದೆ ಉಳಿಯಬೇಕು. ಹೆಣ್ಣು ಕಾಳಿಂಗ ಕೆಲಸ ಶುರುಮಾಡುವುದು ಏಪ್ರಿಲ್–ಮೇ ತಿಂಗಳಲ್ಲಿ, ಕಾಡಿನ ನೆಲದಲ್ಲಿ ತರಗೆಲೆ ಒಣಗಿ ಬಿದ್ದಿರುವಾಗ. ಮೈಯನ್ನು ಸುರುಳಿ ಮಾಡಿ ಎಲೆಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಮತ್ತೆ ಎಳೆಯುತ್ತದೆ. ಬಿದಿರು ಮೆಳೆಯ ಬುಡದಲ್ಲೋ ಇಳಿಜಾರಿನಲ್ಲೋ ಎಲೆಗಳ ಗುಪ್ಪೆಯೊಂದು ಏಳುತ್ತದೆ. ಅದರೊಳಗೆ ಇಪ್ಪತ್ತು, ಮೂವತ್ತು ಮೊಟ್ಟೆ. ಒಂದರ ಮೇಲೊಂದು ಒತ್ತಿ ಕೂತ ಎಲೆಗಳು ಸೋಗೆ ಹೊದಿಸಿದ ಮಾಡಿನಂತೆ ನೀರನ್ನು ಬದಿಗೆ ಹರಿಸಿಬಿಡುತ್ತವೆ. ಒಳಗಿನ ಎಲೆ ನಿಧಾನವಾಗಿ ಕೊಳೆಯುತ್ತದೆ, ಕೊಳೆಯುವಾಗ ಸೂಕ್ಷ್ಮಜೀವಿಗಳಿಂದ ಬಿಸಿ ಹುಟ್ಟುತ್ತದೆ. ತನ್ನ ಮೈಯಲ್ಲಿ ಕಾವು ಹುಟ್ಟಿಸಲಾರದ ಜೀವಿಯೊಂದು ಕಾಡಿನ ಕಸದಿಂದಲೇ ಮೊಟ್ಟೆಗೆ ಕಾವು ಒದಗಿಸುವ ಈ ಏರ್ಪಾಡು ನನಗೆ ಅದರ ವಿಷಕ್ಕಿಂತ ದೊಡ್ಡ ಬೆರಗು.

ಮೊಟ್ಟೆಯಿಟ್ಟ ಮೇಲೂ ತಾಯಿ ವಾರಗಟ್ಟಲೆ ಗೂಡು ಕಾಯುತ್ತದೆ, ಬಹುಮಟ್ಟಿಗೆ ಉಪವಾಸದಲ್ಲೇ. ಮರಿಗಳು ಹೊರಬರುವುದು ಜುಲೈ–ಆಗಸ್ಟ್ ಸುಮಾರಿಗೆ. ಕಪ್ಪು ಮೈ, ಅದರ ಮೇಲೆ ಬಿಳಿ ಪಟ್ಟೆ, ಹುಟ್ಟುವಾಗಲೇ ವಿಷ. ಅಷ್ಟರಲ್ಲಿ ತಾಯಿ ಸಾಮಾನ್ಯವಾಗಿ ಹೊರಟುಹೋಗಿರುತ್ತದೆ. 

ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅಲ್ಲಿ ಈ ಹಾವುಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಅವುಗಳ ಓಡಾಟವನ್ನು ಹಿಂಬಾಲಿಸಲಾಯಿತು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು ಪ್ರಕಟವಾಗಿ, ‘ಓಫಿಯೋಫೇಗಸ್ ಕಾಳಿಂಗ’ ಎಂಬ ವೈಜ್ಞಾನಿಕ ಹೆಸರು ಪಡೆಯಿತು.

ಗೂಡಿಗೆ ತೊಡಕು ಇರುವುದು ಎಲೆಯಲ್ಲೇ. ಹಾವಿಗೆ ಬೇಕಾದ ತರಗೆಲೆ ಮಲೆನಾಡಿನ ಕೃಷಿಕರಿಗೂ ಬೇಕು. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು, ಅಡಿಕೆ ತೋಟಕ್ಕೆ ಹರಡಲು. ಅದನ್ನು ಗುಡಿಸಿ ತರುವುದೂ ಒಣ ತಿಂಗಳುಗಳಲ್ಲೇ. ಇದು ಯಾರ ತಪ್ಪೂ ಅಲ್ಲ, ಕೃಷಿಯ ಕ್ರಮವೇ ಹಾಗೆ. ಆದರೆ ಗುಡಿಸಿ ಬರಿದಾದ ನೆಲದಲ್ಲಿ ಗೂಡಿಗೆ ಎಲೆ ಸಾಲದು. ಮೇ ತಿಂಗಳಲ್ಲಿ ತೋಟದಂಚಿನ ಕಾಡಿನಲ್ಲಿ ಯಾರೂ ಗುಡಿಸದ ಕಡೆ ಎಲೆಯ ಗುಪ್ಪೆ ಕಂಡರೆ ಕೈ ಹಾಕಬೇಡಿ. ದೂರದಿಂದಲೇ ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಿ, ಆ ಒಂದು ಜಾಗದ ಎಲೆಯನ್ನು ಮಳೆಗಾಲ ಮುಗಿಯುವವರೆಗೆ ಬಿಟ್ಟುಬಿಡಿ.