ಶಾಲೆಯಲ್ಲಿ ಮಾತಿನ ಚಿಕಿತ್ಸೆ ಮತ್ತು ಮನೆಮಾತು

ತರಗತಿಯಲ್ಲಿ ಮೌನವಾಗಿರುವ ಮಗುವನ್ನು ಸೋಮಾರಿ ಅಥವಾ ಮಂದಮತಿ ಎಂದು ಭಾವಿಸುವುದು ಸರಿಯಲ್ಲ. ಶ್ರವಣದೋಷ, ಉಗ್ಗು ಅಥವಾ ಭಾಷಾ ಬೆಳವಣಿಗೆಯ ವಿಳಂಬ ಈ ಮೌನಕ್ಕೆ ಕಾರಣವಾಗಿರಬಹುದು. ಶಾಲೆಯ ಭಾಷೆಯೇ ಮಗುವಿಗೆ ಹೊಸದಾಗಿರಲೂಬಹುದು. ಇವುಗಳಲ್ಲಿ ನಿಜವಾದ ಕಾರಣವನ್ನು ಗುರುತಿಸುವುದು ಶಾಲೆಗಳಲ್ಲಿ ಸೇವೆ ಸಲ್ಲಿಸುವ ವಾಕ್ ಮತ್ತು ಭಾಷಾ ಚಿಕಿತ್ಸಕರ ಮುಂದಿರುವ ಕಠಿಣ ಸವಾಲು.

ದೋಷವೋ, ಅಪರಿಚಯವೋ?

ಹೊರನಾಡಿನ ಕನ್ನಡ ಮಕ್ಕಳ ವಿಷಯದಲ್ಲಿ ಈ ಸವಾಲು ಮತ್ತಷ್ಟು ಜಟಿಲವಾಗುತ್ತದೆ. ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ‘ೞ’ ಧ್ವನಿ ತಮಿಳಿನಲ್ಲಿ ಉಳಿದಿದೆ. ಚೆನ್ನೈನ ಶಾಲೆಗೆ ಹೊಸದಾಗಿ ಸೇರಿದ ಕನ್ನಡ ಮಗು ಅದನ್ನು ‘ಳ’ ಎಂದು ಉಚ್ಚರಿಸಿದರೆ ಅದು ವಾಕ್‌ದೋಷವಲ್ಲ. ಭಾಷಾ ಬೆಳವಣಿಗೆಯ ನಿಜವಾದ ತೊಂದರೆ ಮಗು ಆಡುವ ಎಲ್ಲ ಭಾಷೆಗಳಲ್ಲಿಯೂ ಕಾಣಿಸುತ್ತದೆ. ಆದ್ದರಿಂದ ಮನೆಮಾತಿನಲ್ಲಿಯೂ ಪರೀಕ್ಷೆ ನಡೆಯಬೇಕು. ಚಿಕಿತ್ಸಕರಿಗೆ ಕನ್ನಡ ಬಾರದಿದ್ದಾಗ ತಂದೆತಾಯಿಗಳು ನೀಡುವ ವಿವರವೇ ಆಧಾರ. ಎರಡು ಭಾಷೆಗಳನ್ನು ಕಲಿಯುವುದರಿಂದ ಭಾಷಾದೋಷ ಉಂಟಾಗುವುದಿಲ್ಲ. ಮನೆಯಲ್ಲಿ ಕನ್ನಡವನ್ನು ಬಿಡುವ ಅಗತ್ಯವೂ ಇಲ್ಲ.

ಇತರ ತೊಡಕುಗಳು

ಒಬ್ಬರೇ ಚಿಕಿತ್ಸಕರು ಹಲವು ಶಾಲೆಗಳನ್ನು ನೋಡಿಕೊಳ್ಳಬೇಕಾದಾಗ ಪ್ರತಿ ಮಗುವಿಗೆ ದೊರೆಯುವ ಸಮಯ ಅತ್ಯಲ್ಪ. ಗದ್ದಲವಿಲ್ಲದ ಕೊಠಡಿ ಎಲ್ಲೆಡೆ ಸಿಗುವುದಿಲ್ಲ. ಚಿಕಿತ್ಸೆಗೆಂದು ತರಗತಿಯಿಂದ ಕರೆದೊಯ್ದರೆ ಪಾಠ ತಪ್ಪುತ್ತದೆ. ಅಲ್ಲದೆ, ಕಲಿಸಿದ ಅಭ್ಯಾಸವನ್ನು ಶಿಕ್ಷಕರು ಹಾಗೂ ಮನೆಯವರು ಪ್ರತಿದಿನ ಮುಂದುವರಿಸದಿದ್ದರೆ ಅದರ ಫಲ ನಿಲ್ಲುವುದಿಲ್ಲ.

ಲಭ್ಯವಿರುವ ನೆರವು

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಮುಂಬಯಿಯಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇಂಥ ತಜ್ಞರನ್ನು ತರಬೇತುಗೊಳಿಸುವುದರ ಜೊತೆಗೆ ಪರೀಕ್ಷೆ ಮತ್ತು ಚಿಕಿತ್ಸೆಯನ್ನೂ ಒದಗಿಸುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಶ್ರವಣದೋಷ ಮತ್ತು ಭಾಷಾ ವಿಳಂಬ ಸೇರಿವೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಆದರೆ ಅದರ ವ್ಯಾಖ್ಯೆ ಶಾರೀರಿಕ ಅಥವಾ ನರಸಂಬಂಧಿ ಕಾರಣಗಳಿಂದಾದ ಶಾಶ್ವತ ವೈಕಲ್ಯಕ್ಕೆ ಸೀಮಿತವಾಗಿದೆ. ಆ ವ್ಯಾಖ್ಯೆಗೆ ಒಳಪಡದ ಮಗುವಿಗೂ ಚಿಕಿತ್ಸೆಯ ಅಗತ್ಯವಿರಬಹುದು.

ಪಾಲಕರ ಪಾತ್ರ

ಸಂದೇಹ ಬಂದೊಡನೆ ಮೊದಲು ಶ್ರವಣ ಪರೀಕ್ಷೆ ಮಾಡಿಸಿರಿ. ಮಗು ಮನೆಯಲ್ಲಿ ಕನ್ನಡವನ್ನು ಹೇಗೆ ಆಡುತ್ತದೆ ಎಂಬುದನ್ನು ಚಿಕಿತ್ಸಕರಿಗೆ ವಿವರವಾಗಿ ತಿಳಿಸಿರಿ. ಉಗ್ಗುವ ಮಗುವಿನ ಮಾತನ್ನು ನೀವು ಪೂರ್ತಿಮಾಡದೆ, ತಾಳ್ಮೆಯಿಂದ ಕೇಳಿರಿ. ತಾನಾಗಿಯೇ ಸರಿಹೋಗುತ್ತದೆಂದು ವರ್ಷಗಟ್ಟಲೆ ಕಾಯುವುದರಿಂದ ಕಲಿಕೆಯ ಅಮೂಲ್ಯ ಕಾಲ ಕೈತಪ್ಪುತ್ತದೆ.