ಶರ್ಯತ್ತಿಗೆ ಷರತ್ತು ಹಾಕುವವರು ಯಾರು?

ಜಾತ್ರೆಯ ಮರುದಿನ ಬೆಳಕು ಹರಿಯುವ ಹೊತ್ತಿಗೇ ಕಬ್ಬಿನ ಹೊಲಗಳ ನಡುವಿನ ದಾರಿಯ ಎರಡೂ ಬದಿ ಜನ ಕೂಡಿರುತ್ತಾರೆ. ಖಿಲಾರಿ ಹೋರಿಗಳ ಕೋಡಿಗೆ ಗೊಂಡೆ, ಬೆನ್ನ ಮೇಲೆ ಗುಲಾಲು. ಹಿಂದೆ ಹಗುರಾದ ಗಾಡಿ, ಅದರ ಮೇಲೆ ಕಾಲೂರಿ ನಿಂತ ಸವಾರ. ನಿಶಾನೆ ಬಿದ್ದದ್ದೇ ತಡ, ಧೂಳೆದ್ದು ದಾರಿಯೇ ಕಾಣುವುದಿಲ್ಲ. ಗಾಡಿಯ ಪಕ್ಕದಲ್ಲೇ ಬೈಕುಗಳು ಓಡುತ್ತವೆ. ಹಿಂದೆ ಕುಳಿತವನ ಕೈಯಲ್ಲಿ ಮೊಬೈಲು. ಗೆದ್ದ ಹೋರಿಗಳ ಮೈ ಆರುವ ಮೊದಲೇ ವಿಡಿಯೋ ಹತ್ತಾರು ವಾಟ್ಸಾಪ್ ಗ್ರೂಪುಗಳನ್ನು ಸುತ್ತಿ ಬಂದಿರುತ್ತದೆ. ಅದರ ಬೆನ್ನಿಗೇ ತಂಟೆ. ಅಡ್ಡ ಬಂದದ್ದು ಯಾರ ಗಾಡಿ? ಬಡಿಗೆ ಬೀಸಿದ್ದು ಪಂಚರಿಗೆ ಕಾಣಲಿಲ್ಲವೇ? ಈ ನಿಯಮ ಮಾಡಿದವರು ಯಾರು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈ ಕೊನೆಯ ಪ್ರಶ್ನೆ ಹೊಸದಲ್ಲ. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಊರ ಕಟ್ಟೆಯಿಂದ ಎದ್ದು ದಿಲ್ಲಿಯ ಸಂವಿಧಾನ ಪೀಠದವರೆಗೆ ನಡೆದು, ಈಗ ಪ್ರತಿಯೊಬ್ಬರ ಅಂಗೈಯೊಳಗಿನ ಪರದೆಗೆ ಬಂದು ನಿಂತಿದೆ. ಆ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು.

ಒಂದೇ ಬೇರಿನ ಎರಡು ಮಾತು

ನಮ್ಮ ಕಡೆ ಗಾಡಿ ಓಟಕ್ಕೆ ಸ್ಪರ್ಧೆ ಅನ್ನುವುದು ಪಾಂಪ್ಲೆಟಿನಲ್ಲಿ ಮಾತ್ರ. ಬಾಯಲ್ಲಿ ಇರುವುದು ಶರ್ಯತ್ತು. ಮರಾಠಿಯ ನೆರೆಯಿಂದ ಬಂದ ಈ ಮಾತಿಗೂ, ಕಾಗದಪತ್ರದಲ್ಲಿ ನಾವು ಬರೆಯುವ ಷರತ್ತಿಗೂ ಬೇರು ಒಂದೇ, ಅರಬ್ಬಿಯ ಶರ್ತ್. ಪಣ ಎಂಬ ಅರ್ಥವೂ ಅದಕ್ಕಿದೆ, ಕಟ್ಟುಪಾಡು ಎಂಬ ಅರ್ಥವೂ ಇದೆ. ಇಬ್ಬರೂ ಒಪ್ಪಿದ ಕಟ್ಟುಪಾಡು ಇಲ್ಲದೆ ಪಣವೇ ಇಲ್ಲ ಎಂಬ ತಿಳಿವಳಿಕೆ ಆ ಮಾತಿನೊಳಗೇ ಕುಳಿತಿದೆ.

ಆ ಕಟ್ಟುಪಾಡು ಮಾಡುತ್ತಿದ್ದವರು ಊರ ಹಿರಿಯರು, ಜಾತ್ರೆಯ ಪಂಚರು. ಎಲ್ಲಿಂದ ಎಲ್ಲಿಗೆ ಓಡಬೇಕು, ಯಾವ ಗಾಡಿ ಯಾವುದರ ಜೊತೆ, ಹೋರಿ ದಾರಿ ಬಿಟ್ಟರೆ ಏನು ಎಂಬುದನ್ನೆಲ್ಲ ಅವರು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಿದ್ದರು. ಬರೆದಿಡುವ ಗರಜು ಬೀಳಲಿಲ್ಲ. ಓಡಿಸುವವನು ನೆರೆಯೂರಿನವನು, ನಾಳೆ ಅದೇ ಸಂತೆಯಲ್ಲಿ ಮುಖ ತೋರಿಸಬೇಕಾದವನು. ಹೋರಿಯೂ ಬರೀ ಓಟದ ಹೋರಿಯಲ್ಲ. ಮಳೆ ಬಿದ್ದ ಮೇಲೆ ಅದೇ ನೇಗಿಲು ಎಳೆಯಬೇಕು, ಕಾರ್ಖಾನೆ ಶುರುವಾದರೆ ಕಬ್ಬಿನ ಗಾಡಿಗೆ ಹೆಗಲು ಕೊಡಬೇಕು. ಓಟದಲ್ಲಿ ಅದರ ಕಾಲು ಮುರಿದರೆ ಮನೆಯ ವರ್ಷದ ಅನ್ನವೇ ಹೋದಂತೆ. ಹಾಗಾಗಿ ಹೊಡೆತಕ್ಕೆ ಒಂದು ಮಿತಿ ತಾನಾಗಿಯೇ ಇತ್ತು.

ಟ್ರ್ಯಾಕ್ಟರ್ ಬಂದ ಮೇಲೆ ಆ ಮಿತಿ ಸಡಿಲವಾಯಿತು. ಓಟಕ್ಕೆಂದೇ ಹೋರಿ ಸಾಕುವವರು ಹೆಚ್ಚಿದರು. ಕೊಲ್ಹಾಪುರ, ಸಾಂಗಲಿ ಕಡೆಯ ಗಾಡಿಗಳು ಇಲ್ಲಿಗೆ, ಇಲ್ಲಿಯವು ಅಲ್ಲಿಗೆ ಹೋಗತೊಡಗಿದವು. ಬಹುಮಾನ ರೊಕ್ಕದಿಂದ ಬೈಕಿಗೆ, ಬೈಕಿನಿಂದ ಟ್ರ್ಯಾಕ್ಟರಿಗೆ ಏರಿತು. ಗುರುತಿಲ್ಲದವರ ನಡುವೆ ದೊಡ್ಡ ಪಣ ಬಿದ್ದಾಗ ಹಿರಿಯರ ಬಾಯಿಮಾತು ಸಾಲದಾಯಿತು. ಮೊಳೆ ಬಡಿದ ಬಡಿಗೆಯ ಮಾತು, ಬಾಲ ತಿರುಚಿದ ಮಾತು ಕೇಳಿಬರತೊಡಗಿದ್ದು ಇಂಥ ಕಣಗಳಿಂದಲೇ.

ಕೋರ್ಟು ಹಿಡಿದ ಹಗ್ಗ

ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದಲೂ ಇತ್ತು. ಎಳೆಯುವ, ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ನಿಯಮಗಳು ಮೊಳೆ ಇರುವ ಕೋಲನ್ನೂ ಚೂಪು ಸಾಮಾನನ್ನೂ ಸ್ಪಷ್ಟವಾಗಿ ನಿಷೇಧಿಸಿದ್ದವು. ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಬಾರದು ಎಂದೂ ಹೇಳಿದ್ದವು. ಅಂದರೆ ನಿಯಮದ ಕೊರತೆ ಇರಲಿಲ್ಲ. ಅದನ್ನು ಕಣದಲ್ಲಿ ನಿಂತು ಹೇಳುವವರ ಕೊರತೆ ಇತ್ತು.

2011ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಸುಪ್ರೀಂ ಕೋರ್ಟ್ ಪೀಠ ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿತು. ಹಸಿವು, ನೋವು, ಭಯಗಳಿಂದ ಬಿಡುಗಡೆ ಪ್ರಾಣಿಗಳಿಗೂ ಸಲ್ಲಬೇಕು ಎಂಬುದು ಆ ತೀರ್ಪಿನ ತಿರುಳು. 2016ರ ಜನವರಿ 7ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, 2 ಕಿಲೋಮೀಟರ್ ಮೀರದ ಸರಿಯಾದ ದಾರಿಯಲ್ಲಿ ಗಾಡಿ ಓಟ ನಡೆಸಬಹುದೆಂದಿತು. ಐದೇ ದಿನಕ್ಕೆ ಕೋರ್ಟು ಅದಕ್ಕೆ ತಡೆ ಕೊಟ್ಟಿತು.

ಕರ್ನಾಟಕದಲ್ಲಿ ದಾರಿ ತೆರೆದದ್ದು ಕರಾವಳಿಯ ಕೋಣಗಳ ಓಟವಾದ ಕಂಬಳದ ಹೋರಾಟ. 2017ರ ಫೆಬ್ರವರಿಯಲ್ಲಿ ವಿಧಾನಸಭೆ ಪ್ರಾಣಿಹಿಂಸೆ ತಡೆ ಕಾಯ್ದೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದು ಸುಗ್ರೀವಾಜ್ಞೆ, ಎರಡನೇ ತಿದ್ದುಪಡಿ ಎಂದು ಸುತ್ತಿ ರಾಷ್ಟ್ರಪತಿಗಳ ಅಂಕಿತ ಪಡೆದದ್ದು 2018ರ ಫೆಬ್ರವರಿಯಲ್ಲಿ. ಕಂಬಳದ ಜೊತೆಗೆ ಹೋರಿ ಓಟ, ಎತ್ತಿನ ಗಾಡಿ ಓಟಗಳ ಹೆಸರೂ ಆ ಕಾಯ್ದೆಯಲ್ಲಿ ಇದ್ದದ್ದರಿಂದ ನಮ್ಮ ಶರ್ಯತ್ತಿಗೆ ಉಸಿರು ಬಂತು. ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಹೈಕೋರ್ಟಿನ ತಡೆ ಇತ್ತು. ಅಲ್ಲಿ ಓಟಕ್ಕೆ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟದ್ದು 2021ರ ಡಿಸೆಂಬರ್ 16ರಂದು. ನಡುವಿನ ಆ ವರ್ಷಗಳಲ್ಲಿ ದೂಧಗಂಗೆಯ ಈಚೆ ಒಂದು ನಿಯಮ, ಆಚೆ ಇನ್ನೊಂದು. ಹೋರಿ ಅದೇ, ಸವಾರ ಅವನೇ, ಕಾನೂನು ಮಾತ್ರ ಬೇರೆ.

ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಈ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಒಂದು ಆಟ ನಾಡಿನ ಸಂಸ್ಕೃತಿಯ ಭಾಗವೇ ಅಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದ್ದು ಶಾಸನಸಭೆ ಎಂದಿತು. ಜೊತೆಗೆ, ನಿಯಮಗಳು ಕಟ್ಟುನಿಟ್ಟಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಮತ್ತು ಸಕ್ಷಮ ಅಧಿಕಾರಿಗಳ ಮೇಲೆ ಇಟ್ಟಿತು. ಆದರೆ ಓಟ ನಡೆಯುವುದು ಹೊಲದಂಚಿನಲ್ಲಿ. ಅಧಿಕಾರಿಯ ಕಣ್ಣು ಎಷ್ಟೆಂದು ಅಲ್ಲಿಗೆ ಮುಟ್ಟೀತು?

ಅಡ್ಮಿನ್ ಎಂಬ ಹೊಸ ಪಂಚ

ಆ ಕಣ್ಣು ಮುಟ್ಟದಲ್ಲಿ ಈಗ ಮೊಬೈಲು ಮುಟ್ಟಿದೆ. ಯಾವ ಊರಲ್ಲಿ ಯಾವತ್ತು ಓಟ, ಪ್ರವೇಶ ಫೀ ಎಷ್ಟು, ಬಹುಮಾನ ಏನು ಎಂಬುದೆಲ್ಲ ಮೊದಲು ಗ್ರೂಪಿಗೆ ಬರುತ್ತದೆ. ಹೋರಿಯ ಮಾರಾಟ, ಮೇವಿನ ಸಲಹೆ, ಹಳೆಯ ಓಟದ ವಿಡಿಯೋ, ಯೂಟ್ಯೂಬ್ ಲೈವಿನ ಕೊಂಡಿ ಎಲ್ಲವೂ ಅಲ್ಲೇ. ಹವ್ಯಾಸಿಗಳ ಈ ಬಳಗಕ್ಕೆ ಕಟ್ಟೆ ಇಲ್ಲ, ಗಡಿ ಇಲ್ಲ. ಗ್ರೂಪು ತೆರೆದವನೇ ಅಡ್ಮಿನ್. ಅವನನ್ನು ಯಾರೂ ಆರಿಸಿಲ್ಲ. ಆದರೂ ಯಾರ ಮಾತು ಇರಬೇಕು, ಯಾರನ್ನು ಹೊರಗೆ ಹಾಕಬೇಕು ಎಂಬುದು ಅವನ ಬೆರಳ ತುದಿಯಲ್ಲಿದೆ. 2022ರಿಂದ ಬೇರೆಯವರು ಹಾಕಿದ್ದನ್ನು ಎಲ್ಲರ ಪರದೆಯಿಂದಲೂ ಅಳಿಸುವ ಅಧಿಕಾರವನ್ನು ವಾಟ್ಸಾಪ್ ಅಡ್ಮಿನ್‌ಗೆ ಕೊಟ್ಟಿದೆ.

ಸದಸ್ಯನೊಬ್ಬ ಹಾಕಿದ ತಪ್ಪು ಪೋಸ್ಟಿಗೆ ಅಡ್ಮಿನ್ ಅಪರಾಧಿಯೇ? ಅವನ ಕೈವಾಡ ಇಲ್ಲದಿದ್ದರೆ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಈ ತೀರ್ಪುಗಳು ನ್ಯಾಯವಾದವು. ಆದರೆ ಅಪರಾಧಿ ಅಲ್ಲ ಎಂದಮಾತ್ರಕ್ಕೆ ಹೊಣೆಯೇ ಇಲ್ಲ ಎಂದಾಗದು. ಹೋರಿಯ ಬೆನ್ನ ಮೇಲೆ ಬಾಸುಂಡೆ ಕಾಣುವ ವಿಡಿಯೋಕ್ಕೆ ಚಪ್ಪಾಳೆಯ ಚಿತ್ರಗಳು ಬೀಳುತ್ತಿದ್ದರೆ, ಸುಮ್ಮನಿರುವ ಅಡ್ಮಿನ್ ಮುಂದಿನ ಶರ್ಯತ್ತಿನ ನಿಯಮವನ್ನು ಆಗಲೇ ಬರೆದಿರುತ್ತಾನೆ. ಹೊಡೆದರೆ ನಡೆಯುತ್ತದೆ ಎಂಬುದೇ ಆ ನಿಯಮ. ಹೊಸ ಹುಡುಗರು ಓಡಿಸುವುದನ್ನು ಕಲಿಯುತ್ತಿರುವುದು ಇಂಥ ವಿಡಿಯೋ ನೋಡಿಯೇ.

ಕರಾವಳಿ ಕಲಿಸಿದ ಪಾಠ

ಕಂಬಳದವರು ಇದೇ ಸಂಕಟ ದಾಟಿ ಬಂದವರು. ಅಲ್ಲಿ ಜಿಲ್ಲಾ ಕಂಬಳ ಸಮಿತಿ ವರ್ಷದ ಕಂಬಳಗಳ ದಿನಾಂಕವನ್ನು ಒಟ್ಟಿಗೇ ಗೊತ್ತುಮಾಡುತ್ತದೆ. ಗೆಲುವು ಸೋಲಿನ ತಂಟೆಗೆ ಲೇಸರ್ ಕಿರಣ ಬಂದಿದೆ. ಓಟದ ಗುರಿಯಾದ ಮಂಜೊಟ್ಟಿಯನ್ನು ಮೊದಲು ಮುಟ್ಟಿದ್ದು ಯಾವ ಜೋಡಿ ಎಂದು ಯಂತ್ರವೇ ಹೇಳುತ್ತದೆ. ಕೋಣ ಓಡಿಸುವವರಿಗೆ ತರಬೇತಿ ಕೊಡುವ ಅಕಾಡೆಮಿಯೂ ಅಲ್ಲಿ ಹುಟ್ಟಿಕೊಂಡಿತು. ಕೋರ್ಟಿನ ಮುಂದೆ ಕಂಬಳದ ಪರವಾಗಿ ಮಾತಾಡುವಾಗ ಈ ಅಚ್ಚುಕಟ್ಟು ಅವರಿಗೆ ಬಲ ಕೊಟ್ಟಿತು. ತಮ್ಮನ್ನು ತಾವು ತಿದ್ದಿಕೊಳ್ಳುವವರ ಮಾತಿಗೆ ಬೆಲೆ ಹೆಚ್ಚು.

ನಮ್ಮ ಐದು ತಾಲ್ಲೂಕುಗಳ ಶರ್ಯತ್ತು ಬಳಗಕ್ಕೂ ಇಂಥ ಒಂದು ಕೂಟ ಬೇಕು ಎಂಬುದು ನನ್ನ ದೃಢ ನಂಬಿಕೆ. ಹಾಗೆಂದು ಎಲ್ಲವನ್ನೂ ಬಳಗಕ್ಕೇ ಬಿಡಬೇಕು ಅನ್ನುವವನು ನಾನಲ್ಲ. ಬೇರೆ ಹವ್ಯಾಸಗಳಲ್ಲಿ ನಿಯಮ ಮುರಿದರೆ ನೋಯುವವರು ಆಡುವವರೇ. ಚದುರಂಗದವರು, ಪತಂಗದವರು ತಮ್ಮ ತಮ್ಮಲ್ಲೇ ಬಗೆಹರಿಸಿಕೊಳ್ಳಬಹುದು. ಶರ್ಯತ್ತಿನಲ್ಲಿ ನೋಯುವುದು ಹೋರಿ. ಅದಕ್ಕೆ ಪಂಚರ ಸಾಲಿನಲ್ಲಿ ಜಾಗವಿಲ್ಲ, ಗ್ರೂಪಿನಲ್ಲಿ ನಂಬರಿಲ್ಲ. ಮಾತಾಡಲಾರದವರ ಪರವಾಗಿ ಗೆರೆ ಎಳೆಯುವುದು ಕಾನೂನಿನ ಕೆಲಸ. ಆ ಗೆರೆಯನ್ನು ಯಾವ ಊರ ಕಮಿಟಿಯೂ ಅಳಿಸಕೂಡದು.

ಗೆರೆಯ ಒಳಗಿನ ಕೆಲಸ ಮಾತ್ರ ನಮ್ಮದೇ. ದಾರಿ ಎಷ್ಟು ಉದ್ದ, ಒಂದು ಜೋಡಿ ದಿನಕ್ಕೆ ಎಷ್ಟು ಸಲ ಓಡಬೇಕು, ಪಶುವೈದ್ಯರು ನೋಡದ ಹೋರಿಯನ್ನು ಕಣಕ್ಕೆ ಬಿಡಬೇಕೇ, ಬೈಕುಗಳನ್ನು ದಾರಿಯಿಂದ ಹೇಗೆ ದೂರ ಇಡಬೇಕು ಎಂಬುದನ್ನು ಮಾಲಕರು, ಸವಾರರು, ಹಿರಿಯರು ಕೂಡಿ ಬರೆದಿಡಬೇಕು. ಅದನ್ನು ಓಟಕ್ಕೆ ಎಂಟು ದಿನ ಮೊದಲೇ ಎಲ್ಲ ಗ್ರೂಪುಗಳಿಗೆ ಹಾಕಬೇಕು. ತೀರ್ಪು ಹೇಳುವವನ ಹೋರಿ ಆ ದಿನ ಕಣದಲ್ಲಿ ಇರಬಾರದು. ತಪ್ಪಿದವನಿಗೆ ಒಂದೇ ಊರಲ್ಲಲ್ಲ, ಐದೂ ತಾಲ್ಲೂಕುಗಳಲ್ಲಿ ಆ ವರ್ಷ ಗಾಡಿ ಕಟ್ಟಲು ಬಿಡಬಾರದು. ಅವನಿಗೂ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಇರಬೇಕು. ಅದಕ್ಕೆ ವಿಡಿಯೋ ಸಾಕ್ಷಿ ಹೇಳಲಿ. ತಂಟೆ ಹಚ್ಚುವ ಮೊಬೈಲೇ ತಂಟೆ ಬಿಡಿಸಲೂಬಹುದು.

ಕಣದ ಬಾಯಿಯಲ್ಲಿ ಒಂದು ಮೇಜು ಹಾಕಿ ಇದನ್ನು ಶುರುಮಾಡಬಹುದು. ಗಾಡಿ ಒಳಗೆ ಹೋಗುವ ಮೊದಲು ಹಿರಿಯರೊಬ್ಬರು ಕೈ ಚಾಚಿ, "ತಮ್ಮಾ, ಬಡಿಗಿ ಇಲ್ಲಿ ಇಟ್ಟು ಹೋಗಪಾ" ಅನ್ನಲಿ. ಸವಾರ ಅದನ್ನು ಮೇಜಿನ ಮೇಲೆ ಇಟ್ಟು ಹಗ್ಗ ಮಾತ್ರ ಹಿಡಿದು ಮುಂದೆ ಹೋಗಲಿ. ಆ ಮೇಜಿನ ಮುಂದೆ ನಿಂತು ಒಂದು ವಿಡಿಯೋ ಮಾಡಿ, ಅದನ್ನೂ ಗ್ರೂಪಿಗೆ ಹಾಕೋಣ.