ಕಾಣದ ಕೇಂದ್ರವನ್ನು ಹುಡುಕುವ ಲೆಕ್ಕ

ದ್ವಿತೀಯ ಪಿಯುಸಿ ತರಗತಿಯಲ್ಲಿ ನನ್ನ ಉಮ್ಮನ ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯ ಸುದ್ದಿ ಹೇಳುತ್ತಿದ್ದೆ. ಕಂಪ್ಯೂಟರ್ ಮತ್ತು ಕ್ಯಾಮೆರಾಗಳ ಸಹಾಯದಿಂದ ಮಾಡಿದ ಆಪರೇಷನ್ ಅದು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಅಷ್ಟು ದುಬಾರಿ ಕ್ಯಾಮೆರಾ ಬರೀ ಕಾಲು ನೆಟ್ಟಗೆ ಮಾಡ್ಲಿಕ್ಕಾ? ಬೇರೆ ಎಲ್ಲಾದ್ರೂ ಉಪಯೋಗ ಉಂಟಾ?" ಅಷ್ಟರಲ್ಲಿ ಬೆಲ್ ಆಯಿತು. ಪ್ರಶ್ನೆ ಒಳ್ಳೆಯದು, ಉತ್ತರ ಸ್ವಲ್ಪ ಉದ್ದ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಪರೇಷನ್ನಿನ ವಿಷಯ. ಸವೆದ ಮೊಣಕಾಲಿನಲ್ಲಿ ತೊಡೆ ಮೂಳೆಯ ಕೆಳತುದಿಯನ್ನೂ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯನ್ನೂ ಕತ್ತರಿಸಿ ಲೋಹದ ಭಾಗಗಳನ್ನು ಕೂರಿಸುತ್ತಾರೆ. ಕಷ್ಟ ಇರುವುದು ಎಷ್ಟು ಕತ್ತರಿಸಬೇಕು ಎಂಬುದಕ್ಕಿಂತ ಯಾವ ಕೋನದಲ್ಲಿ ಕತ್ತರಿಸಬೇಕು ಎಂಬುದರಲ್ಲಿ. ಸೊಂಟದ ಕೀಲಿನ ನಡುಬಿಂದುವಿನಿಂದ ಪಾದದ ಗಿಣ್ಣಿನ ನಡುವಿಗೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ಮಧ್ಯದಲ್ಲಿ ಹಾದುಹೋಗಬೇಕು. ದೇಹದ ಭಾರ ಇಳಿಯುವ ದಾರಿ ಅದು. ಕೋನ ಒಂದು ಡಿಗ್ರಿ ತಪ್ಪಿದರೆ 40 ಸೆಂಟಿಮೀಟರ್ ಆಚೆ ಗೆರೆ ಸುಮಾರು 7 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಟ್ಯಾನ್ 1 ಡಿಗ್ರಿಯನ್ನು 400 ಮಿಲಿಮೀಟರಿಗೆ ಗುಣಿಸಿ ನೋಡಿ. 3 ಡಿಗ್ರಿಯೊಳಗೆ ಇದ್ದರೆ ಸಾಕು ಎಂಬುದು ಬಹುಕಾಲದ ವಾಡಿಕೆ. ಆದರೆ ಸೊಂಟದ ಕೀಲಿನ ನಡುಬಿಂದು ಚರ್ಮ, ಸ್ನಾಯುಗಳ ಒಳಗೆ ಆಳದಲ್ಲಿದೆ. ಮೊಣಕಾಲಿನ ಬಳಿ ನಿಂತಿರುವ ಸರ್ಜನ್‌ಗೆ ಅದು ಕಾಣುವುದೇ ಇಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಮೂಳೆಗೆ ಒಂದು ಪಿನ್ ಹಾಕಿ, ಅದಕ್ಕೆ ಬೆಳಕು ಚಿಮ್ಮಿಸುವ ಕೆಲವು ಚಿಕ್ಕ ಗೋಲಿಗಳಿರುವ ಗುರುತುಪಟ್ಟಿ ಜೋಡಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಆ ಗೋಲಿಗಳು ಎಲ್ಲಿವೆ ಎಂದು ಸತತವಾಗಿ ನೋಡುತ್ತಿರುತ್ತದೆ. ಈಗ ಸರ್ಜನ್ ಕಾಲನ್ನು ಹಿಡಿದು ನಿಧಾನಕ್ಕೆ ವೃತ್ತಾಕಾರವಾಗಿ ತಿರುಗಿಸುತ್ತಾರೆ. ಸೊಂಟದ ಕೀಲು ಗುಳಿಯಲ್ಲಿ ಕೂತ ಚೆಂಡಿನಂತಿರುವುದರಿಂದ ಗೋಲಿ ಎಲ್ಲಿಗೇ ಹೋದರೂ ಆ ಕೀಲಿನಿಂದ ಅದರ ದೂರ ಬದಲಾಗುವುದಿಲ್ಲ. ಅಂದರೆ ಗೋಲಿಯ ಎಲ್ಲ ಸ್ಥಾನಗಳೂ ಒಂದು ಗೋಳದ ಮೇಲ್ಮೈಯಲ್ಲಿವೆ. ಒಂದೇ ಸಮತಲದಲ್ಲಿಲ್ಲದ ನಾಲ್ಕು ಬಿಂದುಗಳು ಗೊತ್ತಾದರೆ ಗೋಳದ ಕೇಂದ್ರ ಸಿಗುತ್ತದೆ. ಕಂಪ್ಯೂಟರ್ ನಾಲ್ಕಕ್ಕೆ ನಿಲ್ಲದೆ ಇನ್ನೂ ಬಹಳಷ್ಟು ಬಿಂದುಗಳನ್ನು ತೆಗೆದುಕೊಂಡು, ಅವೆಲ್ಲಕ್ಕೂ ಅತ್ಯುತ್ತಮವಾಗಿ ಹೊಂದುವ ಕೇಂದ್ರವನ್ನು ಲೆಕ್ಕ ಹಾಕುತ್ತದೆ. ಹೀಗೆ ಕಂಪ್ಯೂಟರ್ ದಾರಿ ತೋರಿಸಿದ ಮೊದಲ ಪೂರ್ಣ ಮೊಣಕಾಲು ಬದಲಿ ನಡೆದದ್ದು 1997ರ ಜನವರಿಯಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ.

ಇನ್ನು ಆ ಹುಡುಗನ ಪ್ರಶ್ನೆ. ಆಪರೇಷನ್ ಥಿಯೇಟರಿನಲ್ಲಿ ಬಳಸುವ ಪೋಲಾರಿಸ್ ಎಂಬ ಕ್ಯಾಮೆರಾ ಕೆನಡಾದ ವಾಟರ್ಲೂ ನಗರದ ನಾರ್ದರ್ನ್ ಡಿಜಿಟಲ್ ಕಂಪನಿಯದು. ಅದೇ ಕಂಪನಿಯ ಆಪ್ಟೋಟ್ರಾಕ್ ಎಂಬ ಅಣ್ಣತಮ್ಮನಂಥ ಉಪಕರಣ ಮನುಷ್ಯರ ನಡಿಗೆಯ ಸಂಶೋಧನೆಗೂ ಕಾರ್ಖಾನೆಯ ಅಳತೆಗೂ ಬಳಕೆಯಾಗಿದೆ. ವ್ಯವಹಾರ ಒಂದೇ ದಿಕ್ಕಿನದೂ ಅಲ್ಲ. 1992ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಸೊಂಟದ ಕೀಲಿನ ಆಪರೇಷನ್ನಿಗೆ ಬಂದ ರೋಬೋಡಾಕ್, ಕಾರ್ಖಾನೆಯ ರೋಬೋಟ್ ತೋಳನ್ನೇ ಮಾರ್ಪಡಿಸಿ ಮಾಡಿದ್ದು.

ಲೆಕ್ಕವಂತೂ ಎಲ್ಲೆಡೆ ಓಡಾಡುತ್ತದೆ. ವೆಲ್ಡಿಂಗ್ ರೋಬೋಟಿಗೆ ತನ್ನ ಉಪಕರಣದ ತುದಿ ಎಲ್ಲಿದೆ ಎಂದು ಹೇಳಿಕೊಡಬೇಕು. ಅದಕ್ಕಾಗಿ ಆಪರೇಟರ್ ಒಂದೇ ಚೂಪು ಮೊನೆಯನ್ನು ನಾಲ್ಕು ಬೇರೆಬೇರೆ ಓರೆಗಳಲ್ಲಿ ಮುಟ್ಟಿಸುತ್ತಾರೆ. ತುದಿ ಕದಲುವುದಿಲ್ಲ, ತೋಳು ಅದರ ಸುತ್ತ ತಿರುಗುತ್ತದೆ. ತೊಡೆ ಮೂಳೆಯ ಜಾಗದಲ್ಲಿ ರೋಬೋಟಿನ ಮಣಿಕಟ್ಟು, ಸೊಂಟದ ಜಾಗದಲ್ಲಿ ಮೊನೆ. ಅಷ್ಟೇ ವ್ಯತ್ಯಾಸ.

ನೀವು ಕಣ್ಣಾರೆ ನೋಡಬಹುದಾದದ್ದು ಬೇಕಿದ್ದರೆ ತ್ರೀಡಿ ವೀಲ್ ಅಲೈನ್‌ಮೆಂಟ್ ಮಾಡುವ ಟೈರ್ ಅಂಗಡಿಗೆ ಹೋಗಿ. ನಾಲ್ಕೂ ಚಕ್ರಗಳಿಗೆ ಗುರುತುಪಟ್ಟಿ ಕಚ್ಚಿಸಿ, ಕಾರನ್ನು ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಉರುಳಿಸುತ್ತಾರೆ. ಯಾಕೆ ಉರುಳಿಸಬೇಕು? ಕ್ಲಾಂಪ್ ಚಕ್ರದ ಮೇಲೆ ಎಂದೂ ಪೂರ್ತಿ ನೇರವಾಗಿ ಕೂರುವುದಿಲ್ಲ. ಆದರೆ ಚಕ್ರ ತಿರುಗಿದಾಗ ಪಟ್ಟಿ ಯಾವ ಅಕ್ಷದ ಸುತ್ತ ತಿರುಗಿತು ಎಂದು ಕ್ಯಾಮೆರಾಕ್ಕೆ ತಿಳಿಯುತ್ತದೆ, ಕ್ಲಾಂಪಿನ ಓರೆ ಲೆಕ್ಕದಿಂದ ಕಳಚಿಹೋಗುತ್ತದೆ. ಸರ್ಜನ್ ಕಾಲು ತಿರುಗಿಸಿದ್ದಕ್ಕೂ ಮೆಕ್ಯಾನಿಕ್ ಕಾರು ಉರುಳಿಸಿದ್ದಕ್ಕೂ ಕಾರಣ ಒಂದೇ. ಇದು ಅದರ ನಕಲು ಎನ್ನುತ್ತಿಲ್ಲ, ಒಂದೇ ರೇಖಾಗಣಿತ ಎರಡು ಕಡೆ ಕೆಲಸಕ್ಕೆ ಸೇರಿದೆ. ತಮಾಷೆ ಎಂದರೆ, ಕೋನದ ವಿಷಯದಲ್ಲಿ ಟೈರು ಮೊಣಕಾಲಿಗಿಂತ ಹೆಚ್ಚು ಹಠಮಾರಿ. ಚಕ್ರ 0.1 ಡಿಗ್ರಿ ಒಳಕ್ಕೆ ತಿರುಗಿ ನಿಂತಿದ್ದರೂ ಪ್ರತಿ ಕಿಲೋಮೀಟರಿಗೆ ಟೈರು ಸುಮಾರು 1.7 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ.

ಆದರೆ ಈ ಲೆಕ್ಕಕ್ಕಿಂತಲೂ ಬೆಲೆಬಾಳುವ ಇನ್ನೊಂದು ಸಂಗತಿ ಆಪರೇಷನ್ ಥಿಯೇಟರಿನಲ್ಲಿದೆ ಎಂದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲಿ ಸೂಕ್ಷ್ಮ ಅಳತೆ ಎಂದರೆ ಹಿಂದಿನಿಂದಲೂ ಭಾರೀ ಗ್ರಾನೈಟ್ ಮೇಜು, ಅಲುಗಾಡದ ನೆಲ, ವಸ್ತುವನ್ನು ಬಿಗಿದು ಕೂರಿಸುವುದು. ರೋಗಿಯನ್ನು ಹಾಗೆ ಬಿಗಿಯಲಾಗದು. ಉಸಿರಾಡುತ್ತಾರೆ, ಕಾಲು ಮಡಚಬೇಕು, ಸುತ್ತಿಗೆಯ ಪೆಟ್ಟು ಬೀಳುತ್ತದೆ. ಆದ್ದರಿಂದ ಅಲುಗಾಡುವುದನ್ನು ತಡೆಯುವ ಬದಲು, ಮೂಳೆಗೇ ಗುರುತುಪಟ್ಟಿ ಕಟ್ಟಿ, ಎಲ್ಲ ಅಳತೆಯನ್ನೂ ಆ ಪಟ್ಟಿಗೆ ಹೋಲಿಸಿ ತೆಗೆಯುತ್ತಾರೆ. ಮೂಳೆ ಸರಿದರೆ ಪಟ್ಟಿಯೂ ಜೊತೆಗೆ ಸರಿಯುತ್ತದೆ, ನಡುವಿನ ಅಂತರ ಹಾಗೇ ಉಳಿಯುತ್ತದೆ. ಚಲಿಸುವ ಬಸ್ಸಿನೊಳಗೆ ಎರಡು ಸೀಟುಗಳ ನಡುವಿನ ದೂರ ಅಳೆದಂತೆ. ಮೇಜಿನ ಬಳಿಗೆ ಒಯ್ಯಲಾಗದಷ್ಟು ದೊಡ್ಡದಾದ ಎರಕದ ಭಾಗವನ್ನು, ಪಕ್ಕದಲ್ಲಿ ಪ್ರೆಸ್ ಯಂತ್ರ ನೆಲ ನಡುಗಿಸುತ್ತಿರುವಾಗಲೂ ಇದೇ ತತ್ವದಿಂದ ಅದು ಇರುವಲ್ಲೇ ಅಳೆಯಬಹುದು.

ಹಾಗೆಂದು ಥಿಯೇಟರಿನ ಪೆಟ್ಟಿಗೆಯನ್ನು ಹಾಗೆಯೇ ಎತ್ತಿ ವರ್ಕ್‌ಶಾಪಿನಲ್ಲಿಟ್ಟರೆ ನಡೆಯುವುದಿಲ್ಲ. ಥಿಯೇಟರಿನಲ್ಲಿ ಗೋಲಿಗೆ ರಕ್ತ ಮೆತ್ತಿದರೆ ಕ್ಯಾಮೆರಾಕ್ಕೆ ಅದು ಕಾಣದಾಗುತ್ತದೆ, ವರ್ಕ್‌ಶಾಪಿನಲ್ಲಿ ಎಣ್ಣೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಉಜ್ಜಿದ ಉಕ್ಕು ಕನ್ನಡಿಯಂತೆ ಹೊಳೆದು ಸುಳ್ಳು ಗೋಲಿಗಳನ್ನು ತೋರಿಸುತ್ತದೆ. ಈ ಕ್ಯಾಮೆರಾಗಳ ನೋಟ ಕೆಲವೇ ಮೀಟರ್‌ಗಳದು, ವಿಮಾನದ ರೆಕ್ಕೆಗೆ ಅದು ಸಾಲದು. ಅಲ್ಲಿಗೆ ಲೇಸರ್ ಟ್ರ್ಯಾಕರ್ ಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಉಷ್ಣತೆ. ದೇಹದ ಬಿಸಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಉಕ್ಕು ಹಾಗಲ್ಲ. ಕಾರ್ಖಾನೆಯ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಪ್ರಮಾಣಿತ ಉಷ್ಣತೆ. ನಮ್ಮ ಕರಾವಳಿಯ 35 ಡಿಗ್ರಿಯ ಶೆಡ್ಡಿನಲ್ಲಿ ಒಂದು ಮೀಟರ್ ಉಕ್ಕು ಸುಮಾರು 0.18 ಮಿಲಿಮೀಟರ್ ಹಿಗ್ಗಿರುತ್ತದೆ. ಕ್ಯಾಮೆರಾದ ದೋಷವೇ ಕಾಲು ಮಿಲಿಮೀಟರಿನಷ್ಟು ಎಂದುಕೊಂಡರೆ ಇದು ಕಡೆಗಣಿಸುವ ಅಂಕಿಯಲ್ಲ. ಪ್ರಥಮ ಪಿಯುಸಿಯಲ್ಲಿ ಉಷ್ಣ ವಿಸ್ತರಣೆಯ ಲೆಕ್ಕ ಮಾಡುವಾಗ "ಇದೆಲ್ಲ ಎಲ್ಲಿ ಬರ್ತದೆ ಸರ್" ಎನ್ನುವವರು ಗಮನಿಸಿ.

ಮತ್ತೊಂದು ವ್ಯತ್ಯಾಸವನ್ನು ಉಮ್ಮನ ಸರ್ಜನ್ ಜೊತೆ ಮಾತಾಡುವಾಗ ಗಮನಿಸಿದೆ. ಕಾರಿಗೆ ಕಂಪನಿ ಕೊಟ್ಟ ಅಂಕಿಗಳ ಪಟ್ಟಿ ಇರುತ್ತದೆ, ಸೂಜಿ ಹಸಿರಿಗೆ ಬಂದರೆ ಕೆಲಸ ಮುಗಿಯಿತು. ಮನುಷ್ಯರ ಕಾಲಿಗೆ ಅಂಥ ಪಟ್ಟಿ ಯಾರೂ ಕೊಟ್ಟಿಲ್ಲ. ಹುಟ್ಟಾ ಸ್ವಲ್ಪ ಬಾಗಿದ ಕಾಲಿರುವವರನ್ನೂ ಒಂದೇ ನೇರ ಗೆರೆಗೆ ತರಬೇಕೇ, ಅವರವರ ಮೂಲ ಬಾಗನ್ನು ಉಳಿಸಬೇಕೇ ಎಂಬ ಚರ್ಚೆ ಮೂಳೆ ತಜ್ಞರ ನಡುವೆ ಈಗಲೂ ನಡೆಯುತ್ತಿದೆ. ಯಂತ್ರ ಕೋನ ಎಷ್ಟಿದೆ ಎಂದು ಹೇಳುತ್ತದೆ. ಎಷ್ಟಿರಬೇಕು ಎಂದು ಹೇಳುವುದು ಅದರ ಕೆಲಸವಲ್ಲ. ಉಮ್ಮ ಈಗ ಕೋಲಿಲ್ಲದೆ ಅಂಗಳದವರೆಗೆ ಹೋಗಿಬರುತ್ತಾರೆ, ನಮಾಜ್ ಮಾತ್ರ ಇನ್ನೂ ಕುರ್ಚಿಯಲ್ಲೇ.

ಕೇಂದ್ರ ಹುಡುಕುವ ಲೆಕ್ಕವನ್ನು ನೀವೇ ಮಾಡಿ ನೋಡಬೇಕಿದ್ದರೆ ಕ್ಯಾಮೆರಾ ಬೇಡ. ಬಾಗಿಲಿನ ಹೊರಅಂಚಿಗೆ ಸೀಮೆಸುಣ್ಣ ಕಟ್ಟಿ, ನೆಲದ ಮೇಲೆ ಕಂಸ ಮೂಡುವಂತೆ ಬಾಗಿಲು ತೆರೆಯಿರಿ. ಕಂಸದ ಮೇಲೆ ಮೂರು ಬಿಂದು ಗುರುತಿಸಿ, ಎರಡು ಜ್ಯಾಗಳ ಲಂಬಾರ್ಧಕ ಎಳೆಯಿರಿ. ಅವು ಸೇರುವಲ್ಲಿ ಬಾಗಿಲಿನ ತಿರುಗಣಿ ಇರಬೇಕು. ಬಾಗಿಲನ್ನು ಪೂರ್ತಿ ತೆರೆದು ಒಮ್ಮೆ ಮಾಡಿ, ಬರೀ ಒಂದು ಗೇಣು ತೆರೆದು ಮತ್ತೊಮ್ಮೆ ಮಾಡಿ. ಎರಡನೆಯ ಸಲ ಕೇಂದ್ರ ಎಲ್ಲೆಲ್ಲಿಗೋ ಹಾರುತ್ತದೆ, ಏಕೆಂದರೆ ಚಿಕ್ಕ ಕಂಸದಲ್ಲಿ ಸೀಮೆಸುಣ್ಣದ ದಪ್ಪವೇ ದೊಡ್ಡ ದೋಷ. ಬಿಗಿದುಹೋದ ಸೊಂಟವಿರುವ ರೋಗಿಯ ಕಾಲು ಸಾಕಷ್ಟು ತಿರುಗದಾಗ ಸರ್ಜನ್ ಎದುರಿಸುವ ತೊಂದರೆಯೂ, ಅವಸರದಲ್ಲಿ ಕಾರನ್ನು ಅರ್ಧವೇ ಉರುಳಿಸಿದರೆ ಆಗುವ ತೊಂದರೆಯೂ ಇದೇ. ಎರಡೂ ಸಲದ ಅಳತೆ ಬರೆದುಕೊಂಡು ಲ್ಯಾಬಿಗೆ ತನ್ನಿ, ದೋಷ ಎಷ್ಟು ಪಟ್ಟು ಹೆಚ್ಚಿತು ಎಂದು ಜೊತೆಗೆ ಕೂತು ನೋಡೋಣ.